ಗೂಡಿನ ಗುಟ್ಟು

"ತಡಿ! ಕಳಿಸ್ಬೇಡ!"

ಹೃಷೀಕೇಶರು ಕೆಸರಲ್ಲಿ ಎಡವುತ್ತ ಓಡಿ ಬಂದರು. ಕೋಪರಖೈರಣೆಯಲ್ಲಿ ಸಮುದ್ರದ ನೀರು ಒಳನುಗ್ಗುವ ಖಾಡಿ ಪಕ್ಕದ ಜೌಗಿಗೆ ಹಕ್ಕಿ ನೋಡಲು ಬರುವವರೇ ಕಮ್ಮಿ. ಆ ಬೆಳಿಗ್ಗೆ ಅಲ್ಲಿದ್ದವರು ಕೊರಳಲ್ಲಿ ದುಬಾರಿ ದುರ್ಬೀನು ಹಾಕಿಕೊಂಡ ಈ ಮೈಸೂರಿನವರು ಮತ್ತು ಉಡುಪಿ ಹೋಟೆಲಿನವರ ಮಗಳು ಅನಘಾ, ಇಬ್ಬರೇ.

ಅನಘಾಳ ಮೊಬೈಲಿನಲ್ಲಿ ಹಕ್ಕಿ ಸ್ಪಷ್ಟವಾಗಿ ಕಾಣುತ್ತಿತ್ತು. ಪೇಂಟೆಡ್ ಸ್ನೈಪ್. ಕನ್ನಡಕ ಹಾಕಿದಂಥ ಕಣ್ಣು, ಉದ್ದ ಕೊಕ್ಕು, ಕಾಲಡಿ ಮೊಟ್ಟೆಗಳು. ಈ ಜಾತಿಯಲ್ಲಿ ಹೆಣ್ಣು ಮೊಟ್ಟೆಯಿಟ್ಟು ತನ್ನ ದಾರಿ ಹಿಡಿಯುತ್ತದೆ. ಕಾವು ಕೂರುವ ಪಾಡು ಗಂಡಿನದು.

ಹೃಷೀಕೇಶರಿಗೆ ಜೀವ ಬಾಯಿಗೆ ಬಂತು.

"ಹಕ್ಕಿ ನೋಡುವವರ ಗ್ರೂಪಲ್ಲಿ ಹಾಕ್ಲಿಕ್ಕೆ ಹೊರಟಿದ್ದೆ ಅಂಕಲ್. ಇಲ್ಲಿ ಇದರ ಗೂಡು ಯಾರೂ ನೋಡ್ಲೇ ಇಲ್ಲ, ಸಚ್ಚಿ!"

"ಗೂಡಿನ ಫೋಟೊ ಯಾರಾದ್ರೂ ಹಾಕ್ತಾರೇನಮ್ಮಾ? ನಾಳೆನೇ ಕ್ಯಾಮೆರಾ ಹಿಡ್ಕೊಂಡು ದಂಡು ಬರುತ್ತೆ. ಹಕ್ಕಿ ಹೆದರಿ ಮೊಟ್ಟೆ ಬಿಟ್ಟು ಹೋಗುತ್ತೆ. ಆಮೇಲೆ?"

ಅನಘಾಳ ಮುಖ ಸಣ್ಣದಾಯಿತು. ಹಕ್ಕಿ ನೋಡುವವರ ಮೊದಲ ನಿಯಮವೇ ಅದು. ಅಪರೂಪದ ಹಕ್ಕಿ ಕಂಡರೆ ಊರಿಗೆಲ್ಲ ಸಾರಬಹುದು, ಗೂಡು ಕಂಡರೆ ಮಾತ್ರ ಬಾಯಿ ಬಿಡುವಂತಿಲ್ಲ. ಖುಷಿಯಲ್ಲಿ ಅವಳಿಗೆ ಮರೆತೇ ಹೋಗಿತ್ತು.

ಹೃಷೀಕೇಶರು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಒಮ್ಮೆ ರಸ್ತೆ ಕಡೆ ನೋಡುತ್ತಿದ್ದರು, ಒಮ್ಮೆ ಜೌಗಿನಾಚೆ ಹೊಸದಾಗಿ ಎದ್ದ ತಗಡಿನ ಬೇಲಿಯ ಕಡೆ. ಹಕ್ಕಿಯತ್ತ ದುರ್ಬೀನು ಎತ್ತಲೇ ಇಲ್ಲ. ಗೂಡಿಗೆ ತೊಂದರೆಯಾಗದಿರಲೆಂದು ಇರಬೇಕು ಎಂದುಕೊಂಡಳು ಅನಘಾ. ಅವರ ಮೇಲೆ ಗೌರವ ಹೆಚ್ಚಿತು.

"ಬೇರೆ ಯಾರಿಗಾದ್ರೂ ಕಳಿಸಿದ್ಯಾ?"

"ಇಲ್ಲ ಅಂಕಲ್. ಅಮ್ಮನಿಗೂ ತೋರಿಸ್ಲಿಲ್ಲ."

"ಹಾಗಾದ್ರೆ ಅಳಿಸಿಬಿಡು. ಯಾರ ಕೈಗಾದ್ರೂ ಸಿಕ್ಕಿದ್ರೆ ಕಷ್ಟ."

ಅವಳು ಅಳಿಸಿದಳು. ಅಳಿಸಿದ್ದು ಮತ್ತೆ ಸಿಗದಂತೆ ಅಳಿಸು ಎಂದರು, ಹಾಗೇ ಮಾಡಿದಳು. ಅಂಥ ಫೋಟೊ ಜನ್ಮದಲ್ಲಿ ಮತ್ತೆ ಸಿಗುವುದಿಲ್ಲವೆಂದು ಕಣ್ಣು ತುಂಬಿತು. ಆದರೆ ಮೊಟ್ಟೆ ಉಳಿಯಬೇಕಲ್ಲ.

"ಮರಿ ಆಗುವ ತನಕ ನಾನು ಈ ಕಡೆ ಬರುದೇ ಇಲ್ಲ ಅಂಕಲ್. ಪ್ರಾಮಿಸ್."

"ಜಾಣೆ ಕಣಮ್ಮ ನೀನು."

ಹೃಷೀಕೇಶರ ಉಸಿರು ಆಗ ತಹಬಂದಿಗೆ ಬಂತು.

ಅವಳ ಸ್ಕೂಟರ್ ಮರೆಯಾದ ಮೇಲೆ ಅವರು ಆ ತಗಡಿನ ಬೇಲಿ ಹಾಕಿಸಿದ್ದ ತಮ್ಮ ಬಿಲ್ಡರ್‌ಗೆ ಫೋನ್ ಮಾಡಿದರು: "ಇಲ್ಲಿ ಹಕ್ಕಿ ಗೂಡಿತ್ತು ಅನ್ನೋಕೆ ಇನ್ನು ಸಾಕ್ಷಿನೇ ಇಲ್ಲ ಪ್ರೇಮನಾಥರೇ, ಮಣ್ಣು ಸುರಿಯೋಕೆ ಡಂಪರ್ ಕಳಿಸಿ."