ಎದ್ದು ನಿಂತ ಎಳೆ

"ಎಳೆ ಎದ್ದು ಬಂದರೆ ಕತ್ತರೀಲಿ ಕತ್ತರಿಸಿ. ಎಳೆಯೋಕೆ ಮಾತ್ರ ಹೋಗ್ಬೇಡಿ," ಎಂದ ಕಾರ್ಪೆಟ್ ಹಾಸುವವನು, ಕಾರ್ಪೆಟ್ಟನ್ನು ಗೋಡೆಯ ಅಂಚಿಗೆ ಬಿಗಿಯಾಗಿ ಕೂರಿಸಲು ಕೊನೆಯ ಸಲ ಮೊಣಕಾಲಿನಿಂದ ಗುದ್ದಿ. "ಇದು ಬರ್ಬರ್ ಅನ್ನೋ ಜಾತಿ ಕಾರ್ಪೆಟ್. ಪೂರ್ತಿ ಕುಣಿಕೆಗಳೇ. ಒಂದನ್ನ ಎಳೆದ್ರೆ ಸಾಲಿಗೆ ಸಾಲೇ ಬಿಚ್ಕೊಳ್ಳುತ್ತೆ, ಸ್ವೆಟರ್ ಥರ."

ಸೊಸೆ ಅತ್ತೆಯ ಮುಖ ನೋಡಿದಳು. ಮಗನೂ ನೋಡಿದ. ಏನೂ ತಿಳಿಯದ ಹಾಸುವವನೂ ನೋಡಿದ.

"ನನ್ಯಾಕೆ ನೋಡ್ತೀರಿ? ನಾನೇನು ಬೆಕ್ಕಾ?" ಎಂದರು ಅತ್ತೆ.

ಬೆಕ್ಕಾದರೂ ವಾಸಿ. ಅತ್ತೆಯ ಕಣ್ಣಿಗೆ ಬಿದ್ದ ದಾರ ಇದುವರೆಗೆ ಉಳಿದದ್ದಿಲ್ಲ. ಮಗನ ಅಂಗಿಗಳಿಗೆ ಗುಂಡಿ ನಿಲ್ಲದಿರುವುದು, ದಿಂಬುಗಳೆಲ್ಲ ಬಾಯಿ ಬಿಟ್ಟುಕೊಂಡಿರುವುದು ಅವರ ಕೈಗುಣ. ಒಮ್ಮೆ ಬಸ್ಸಿನಲ್ಲಿ ಮುಂದಿನ ಸೀಟಿನ ಅಪರಿಚಿತನ ಕಾಲರಿನಿಂದ ದಾರ ಎಳೆದು, ಅವನು ತಿರುಗಿದಾಗ "ಇತ್ತು" ಎಂದು ತೋರಿಸಿದ್ದರು. ಅಂಗಡಿಯಲ್ಲಿ ಅವರು ಮೆಚ್ಚಿದ್ದು ಮಖಮಲ್ಲಿನಂಥ ಕಾರ್ಪೆಟ್. "ಅದ್ರಲ್ಲಿ ಹೆಜ್ಜೆಯೆಲ್ಲ ಮೂಡುತ್ತೆ ಅತ್ತೆ," ಎಂದು ಸೊಸೆ ಹಟ ಹಿಡಿದು ಈ ಬೂದುಬಣ್ಣದ, ಕಾಳುಕಾಳಾಗಿದ್ದುದನ್ನು ಆರಿಸಿದ್ದಳು. ಮದುವೆಯಾಗಿ ಬಂದ ಮೇಲೆ ಈ ಮನೆಯಲ್ಲಿ ಅವಳ ಮಾತು ನಡೆದದ್ದು ಅದೊಂದೇ. ಅದಕ್ಕೇನಾದರೂ ಆದರೆ ಇನ್ನು ಮುಂದೆ ಪರದೆಯ ಬಣ್ಣ ಕೇಳುವವರೂ ಇರುವುದಿಲ್ಲ ಎಂಬ ಭಯ ಅವಳಿಗೆ.

ಕಾವಲು ಶುರುವಾಯಿತು. ಅತ್ತೆ ಬಗ್ಗಿದರೆ "ಏನು ಬೇಕು ಅತ್ತೆ?", ಕೈ ಚಾಚಿದರೆ "ನಾನು ಕೊಡ್ತೀನಿ." ಅತ್ತೆಗೆ ರೋಷ ಬಂತು. "ಮುಟ್ಟಿದ್ರೆ ಕೇಳು" ಎಂದವರೇ ಸೋಫಾದ ಮೇಲೆ ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು ಕೂರತೊಡಗಿದರು. ಟೀವಿ ನೋಡುವಾಗಲೂ ಹಾಗೇ.

ಒಂದು ಸಂಜೆ ಸೋಫಾದ ಕಾಲಿನ ಬಳಿ ಎಳೆಯೊಂದು ಎದ್ದು ನಿಂತಿತು. ಅತ್ತೆ ನೋಡಿದರು, ಬೆವರಿದರು, ಕೈ ಮಾತ್ರ ತೆಗೆಯಲಿಲ್ಲ. ಅಲ್ಲೇ ನೆಲದ ಮೇಲೆ ಕೂತಿದ್ದ ಸೊಸೆ ಫೋನಿನಲ್ಲಿ ತನ್ನ ಅಕ್ಕನಿಗೆ ಹೇಳುತ್ತಿದ್ದಳು, "ಕಾರ್ಪೆಟ್ ಎಷ್ಟು ಗಟ್ಟಿ ಅಂತೀಯಾ! ಒಬ್ಬರನ್ನ ಕಾಯ್ಕೊಂಡ್ರೆ ಸಾಕು, ಅಷ್ಟೇ." ಮಾತಿನ ಗುಂಗಿನಲ್ಲಿ ಆ ಎಳೆಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ಏ, ಕೈ! ಕೈ!" ಎಂದರು ಅತ್ತೆ.

"ಒಂದ್ನಿಮಿಷ ಅತ್ತೆ," ಎಂದು ಸೊಸೆ ಅದೇ ಕೈಯೆತ್ತಿ ಅವರನ್ನು ಸುಮ್ಮನಿರಿಸಿದಳು.

ಪರ್ ಎಂದಿತು. ಗಾಬರಿಯಾಗಿ ಎದ್ದಳು, ಸಾಲೂ ಅವಳೊಂದಿಗೆ ಎದ್ದಿತು. ಬೆರಳು ಬಿಡಿಸಿಕೊಳ್ಳಲು ಹಿಂದೆ ಸರಿದಷ್ಟೂ ಬಿಚ್ಚಿಕೊಳ್ಳುತ್ತಾ ಬಾಗಿಲವರೆಗೂ ಬಂತು. ಸೊಸೆಗೆ ಅಳು ಬಂದುಬಿಟ್ಟಿತು.

ಅತ್ತೆ ನಿಧಾನವಾಗಿ ಕೈ ಹೊರತೆಗೆದರು. ಬೈಯಲಿಲ್ಲ. ಕತ್ತರಿ ತಂದು ಎಳೆಯನ್ನು ಕತ್ತರಿಸಿ, ನೂಲನ್ನು ಉಂಡೆ ಸುತ್ತುತ್ತಾ ಕೂತರು. ಮಗ ಒಳಗೆ ಬಂದದ್ದು ಆಗಲೇ.

"ಅಮ್ಮಾ! ಕಡೆಗೂ ಎಳೆದೇಬಿಟ್ಯಲ್ಲ!"

ಅತ್ತೆ ಸುತ್ತುತ್ತಲೇ ಇದ್ದರು. ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಸೊಸೆಗೆ ಆಗಲಿಲ್ಲ.

"ರೀ, ಅವರಲ್ಲ. ಎಳೆದದ್ದು ನಾನು."

ಗಂಡನ ಕಣ್ಣು ತೇವವಾಯಿತು. "ನೋಡಮ್ಮಾ, ನಿನ್ನ ಉಳಿಸೋಕೆ ಸುಳ್ಳು ಬೇರೆ ಹೇಳ್ತಾಳೆ! ಇಂಥ ಸೊಸೆ ಯಾರಿಗೆ ಸಿಗ್ತಾಳೆ?" ಎನ್ನುತ್ತಾ ಬಗ್ಗಿ, "ಇದೊಂದು ತುದಿ ಯಾಕೆ ಉಳಿಸಿದೀರಿ?" ಎಂದು ಹಿಡಿದ.

"ಕತ್ತರೀ!" ಅತ್ತೆ ಸೊಸೆ ಒಂದೇ ಉಸಿರಿಗೆ ಕೂಗಿದರು. ಅಷ್ಟರಲ್ಲಿ ಎರಡನೆಯ ಸಾಲೂ ಹೊರಟಿತ್ತು.

ಈಗ ಸೋಫಾದ ಮೇಲೆ ಗಂಡ ಹೆಂಡತಿ ಅಕ್ಕಪಕ್ಕ ಕೂತಿದ್ದಾರೆ, ನಾಲ್ಕೂ ಕೈ ತೊಡೆಯ ಕೆಳಗೆ. ಅತ್ತೆಯ ಕೈ ಮಾತ್ರ ಬಿಡುವಾಗಿದೆ, ಉಂಡೆ ದೊಡ್ಡದಾಗುತ್ತಿದೆ.