ಬೋರಾನ್ ಡಬ್ಬಿಯ ಮುಚ್ಚಳ

ನಮ್ಮ ಬಂದರಿನ ದೋಣಿಗಳೆಲ್ಲ ಬೋರಾನ್ ಪುಡಿಯಲ್ಲೇ ಓಡುವುದು. ಬೆಳಗಾಗುತ್ತಲೇ ಒಂದೊಂದಾಗಿ ಹಸಿರು ಬೆಂಕಿ ಉಗುಳಿ ಹೊರಟುಬಿಡುತ್ತವೆ. ನನ್ನ ಗಂಡನ ದೋಣಿ ಮಾತ್ರ ಕೆಮ್ಮುತ್ತಾ ನಿಂತಿರುತ್ತದೆ. ಕೊನೆಗೆ ಹೋದವರಿಗೆ ಮೀನು ಎಲ್ಲಿ ಉಳಿದಿರುತ್ತದೆ?

ಮೊನ್ನೆ ನನಗೆ ತಡೆಯಲಾಗಲಿಲ್ಲ. ಡಬ್ಬಿ ಎತ್ತಿಕೊಂಡು ಪುಡಿ ಮಾರುವ ಸಕೀನಾಬಿಯ ಅಂಗಡಿಗೆ ಹೋಗಿ, "ಹಳೇ ಮಾಲು ಕೊಟ್ಟು ಮೋಸ ಮಾಡ್ತೀಯಾ?" ಎಂದು ಕೂಗಾಡಿದೆ.

ಅವಳು ಹೊಸದೊಂದು ಡಬ್ಬಿ ಒಡೆದು, ಒಂದು ಚಿಟಿಕೆ ಪುಡಿಯನ್ನು ಸೌಟಿಗೆ ಹಾಕಿ ಒಲೆಯ ಮೇಲೆ ಹಿಡಿದಳು. ಭಗ್ಗೆಂದು ಹಸಿರಾಗಿ ಉರಿಯಿತು. ಆಮೇಲೆ ನನ್ನ ಡಬ್ಬಿಯದನ್ನು ಹಿಡಿದಳು. ಅದು ಬೆವರಿದಂತೆ ಹೊಳೆಯಿತು, ಅಷ್ಟೆ. ತುಂಬ ಹೊತ್ತಿನ ಮೇಲೆ ಹತ್ತಿತು.

"ಕಡಲ ಗಾಳಿ ತಾಗಿ ಕಣಕಣಕ್ಕೂ ಪೊರೆ ಕಟ್ಟಿದೆ. ಅದು ಕರಗಿದ ಮೇಲೇ ಬೆಂಕಿ. ಪದೇಪದೇ ಮುಚ್ಚಳ ತೆಗೆಯೋರು ಯಾರು ಗುಲಾಬಕ್ಕಾ?"

ನಾನೇ. ದಿನಕ್ಕೆ ನಾಲ್ಕು ಸಲ. ನಡುಗಡಲಲ್ಲಿ ಇಂಜಿನ್ ಕೈಕೊಟ್ಟರೆ ಎಂಬ ಹೆದರಿಕೆಗೆ, ಪುಡಿ ಚೆನ್ನಾಗಿದೆಯೇ ಎಂದು ನೋಡಲು.

ಸಂಜೆ ಬಲೆ ಬಿಡಿಸುತ್ತಿದ್ದ ಗಂಡನಿಗೆ ತಪ್ಪೊಪ್ಪಿಕೊಂಡೆ. ಅವರು ತಲೆ ಎತ್ತಲಿಲ್ಲ. "ಗೊತ್ತಿತ್ತು ಮಾರಾಯ್ತಿ."

"ಗೊತ್ತಿದ್ದೂ ಸುಮ್ಮನಿದ್ರಾ?"

"ಒಮ್ಮೆ ಹತ್ತಿದ ಮೇಲೆ ಅದು ಕೈಕೊಡೋದಿಲ್ಲ. ಹತ್ತೋವರೆಗೂ ನೀನು ದಡದಲ್ಲಿ ನಿಂತಿರ್ತೀಯಲ್ಲ, ಅದಕ್ಕೆ."

ಮರುದಿನ ಹೊಸ ಪುಡಿ ತುಂಬಿ, ಮುಚ್ಚಳಕ್ಕೆ ಬಿಗಿಯಾಗಿ ಮೇಣ ಹಚ್ಚಿದೆ. ಆಮೇಲೆ ಒಂದೇ ಒಂದು ಸಲ ತೆಗೆದು, ತುಸು ಗಾಳಿ ತಾಗಲೆಂದು ಡಬ್ಬಿಯನ್ನು ಕಡಲ ಕಡೆಯ ಕಿಟಕಿಯಲ್ಲಿಟ್ಟೆ.