ಕೊನೆಯ ಬೆಂಚಿನಿಂದ

ಪರದೆಯ ಆಚೆ ಮಂಡಿಯೂರಿದ್ದು ಮಗುವಲ್ಲ ಎಂದು ಮೇಷ್ಟ್ರಿಗೆ ಸದ್ದಿನಿಂದಲೇ ಗೊತ್ತಾಯಿತು. ಎಂಟು ವರ್ಷದ ಮಂಡಿಗಳು ‘ಲಟಕ್’ ಎನ್ನುವುದಿಲ್ಲ.

ಬೆಳಗ್ಗೆಯಿಂದ ಅವರು ಮೂರನೇ ತರಗತಿಯ ಮೂಲೆಯಲ್ಲಿ, ನಾಟಕದ ನೀಲಿ ಪರದೆಯ ಹಿಂದೆ, ಫಾದರ್ ಆಗಿ ಕೂತಿದ್ದರು. ಮುಂದಿನ ವಾರ ಮಕ್ಕಳ ಮೊದಲ ಪಾಪನಿವೇದನೆ; ಚರ್ಚಿನಲ್ಲಿ ಪರದೆಯಾಚೆ ಕೂತ ಫಾದರ್‌ಗೆ ತಮ್ಮ ಪಾಪಗಳನ್ನು ಹೇಳಿಕೊಳ್ಳಬೇಕು. ಅವತ್ತು ಫಾದರ್ ದನಿ ಕೇಳಿ ಯಾರೂ ಅತ್ತು ಓಡಬಾರದೆಂದು ಈ ತಾಲೀಮು. ಆ ಕರಕರ ಗಂಟಲು, ಮಾತಿಗೆ ಮುಂಚೆ ಎರಡು ಕೆಮ್ಮು, ‘ಮಗೂ’ ಎಂದು ಎಳೆಯುವ ರಾಗ, ಎಲ್ಲವೂ ಮೇಷ್ಟ್ರಿಗೆ ನೀರು ಕುಡಿದಷ್ಟು ಸಲೀಸು. ಆದರೆ ನಿಜವಾದ ಪಾಪ ನಿಜವಾದ ಫಾದರ್‌ಗೇ ಮೀಸಲು. ಅದಕ್ಕೆಂದೇ ಕಪ್ಪು ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿಟ್ಟಿದ್ದರು: ‘ಇಲ್ಲಿ ಸುಳ್ಳು ಪಾಪ ಮಾತ್ರ ಹೇಳತಕ್ಕದ್ದು.’

“ಫಾದರ್, ನಾನೊಂದು ಕೊಲೆ ಮಾಡ್ದೆ,” ಎಂದಿದ್ದಳು ಎರಡು ಜಡೆಯ ಪುಟ್ಟಿ.

“ಹ್ಞ, ಹ್ಞ... ಯಾರನ್ನ, ಮಗೂ?”

“ನಮ್ಮಣ್ಣನ್ನ.”

“ಅವನು ಈಗಷ್ಟೇ ಕಿಟಕೀಲಿ ಇಣುಕಿ ಹೋದ.”

“ಅದಕ್ಕೇ ಅಲ್ವಾ ಫಾದರ್, ಸುಳ್ಳು ಪಾಪ ಅನ್ನೋದು.”

ಮಕ್ಕಳೆಲ್ಲ ಹಾಲು ಕುಡಿಯಲು ಓಡಿದ್ದರು. ಮೇಷ್ಟ್ರು ಮೈಮುರಿದು ಏಳುವಷ್ಟರಲ್ಲಿ ಈ ಲಟಕ್. ಪರದೆಯ ಕೆಳಗೆ ಬಿಳಿ ನಿಲುವಂಗಿಯ ಅಂಚು, ಎರಡು ಸಲ ಹೊಲಿಸಿದ ಕಪ್ಪು ಚಪ್ಪಲಿ. ಹೆಡ್ ಸಿಸ್ಟರ್! ತಕ್ಷಣ ‘ಸಿಸ್ಟರ್, ನಾನು’ ಎನ್ನಬೇಕಿತ್ತು. ಆದರೆ ಬೆಳಗ್ಗೆಯಿಂದ ಫಾದರ್‌ಗೆ ಬಾಡಿಗೆ ಹೋಗಿದ್ದ ಗಂಟಲು ತಾನಾಗಿ ‘ಹ್ಞ, ಹ್ಞ’ ಎಂದು ಕೆಮ್ಮಿಬಿಟ್ಟಿತು.

“ಫಾದರ್, ನಲವತ್ತು ವರ್ಷದ ಹಳೇ ಸುಳ್ಳೊಂದಿದೆ,” ಎಂದರು ಸಿಸ್ಟರ್. “ನಮ್ಮ ಮದರ್ ಆ ಮಾತು ಹೇಳಲೇ ಇಲ್ಲ.”

ಮದರ್ ಎಂದರೆ ಈ ಶಾಲೆ ಕಟ್ಟಿದವರು. ‘ಕೊನೆಯ ಬೆಂಚಿನಿಂದ ಶುರುಮಾಡಿ’ ಎಂಬುದು ಅವರು ಕೊನೆಯುಸಿರಿನಲ್ಲಿ ಹೇಳಿದ ಮಾತೆಂದು ಗೇಟಿನ ಮೇಲಿದೆ, ಡೈರಿಗಳಲ್ಲಿದೆ. ಇಲ್ಲಿ ಹಾಲು, ಪುಸ್ತಕ, ಓದುವ ಸರದಿ ಎಲ್ಲವೂ ಹಿಂದಿನಿಂದಲೇ ಮುಂದಕ್ಕೆ. ಸಮಾರಂಭಗಳಲ್ಲಿ ಹೆಡ್ ಸಿಸ್ಟರ್ ಕೂಡ ಕೂರುವುದು ಕೊನೆಯ ಬೆಂಚಿನಲ್ಲೇ. ನಾಳೆ ಶಾಲೆಯ ಸುವರ್ಣ ಮಹೋತ್ಸವ. ಮೇಷ್ಟ್ರು ಮೂರು ವರ್ಷ ದುಂಬಾಲು ಬಿದ್ದು ಗಿಟ್ಟಿಸಿದ ‘ದನಿಗಳಲ್ಲಿ ನಮ್ಮ ಚರಿತ್ರೆ’ ಎಂಬ ಮಿಮಿಕ್ರಿ ಕಾರ್ಯಕ್ರಮ ಮುಗಿಯುವುದೇ ಮದರ್ ದನಿಯ ಆ ಮಾತಿನಿಂದ. ಆ ದನಿಯನ್ನು ಕಿವಿಯಾರೆ ಕೇಳಿದ್ದವರು ಈಗ ಶಾಲೆಯಲ್ಲಿ ಉಳಿದಿರುವುದು ಸಿಸ್ಟರ್ ಒಬ್ಬರೇ. ಮೇಷ್ಟ್ರಿಗೆ ಅದನ್ನು ಕಲಿಸಿದವರೂ ಅವರೇ.

“ಕೊನೇಗೆ ಮದರ್ ನೀರು ಕೇಳಿದ್ರು. ಕುಡಿದ್ರು. ಅಷ್ಟೇ. ಆಗೆಲ್ಲ ಹಾಲು ಹಿಂದಿನ ಬೆಂಚಿಗೆ ಬರೋ ಹೊತ್ತಿಗೆ ಬರೀ ನೊರೆ ಇರ್ತಿತ್ತು. ಹಿಂದಿನಿಂದ ಕೊಡೋಣ ಅಂತ ನಾನು ಮೀಟಿಂಗಲ್ಲಿ ಮೂರು ಸಲ ಹೇಳ್ದೆ. ಇಪ್ಪತ್ತೈದರ ಹುಡುಗಿ ಮಾತು ಯಾರು ಕೇಳ್ತಾರೆ? ಮದರ್‌ನ ಮಣ್ಣು ಮಾಡಿ ಬಂದ ಸಂಜೆ, ‘ಕೊನೇ ಗಳಿಗೇಲಿ ಮದರ್ ಹೇಳಿದ್ರು’ ಅಂದೆ. ಎಲ್ಲರೂ ಅತ್ತುಕೊಂಡು ಒಪ್ಪಿದ್ರು. ದಿನಾ ಪ್ರಾರ್ಥನೇಲಿ ಮಕ್ಕಳ ಕೈಲಿ ‘ಸತ್ಯವೇ ಮೊದಲು’ ಅನ್ನಿಸ್ತೀನಿ. ನಾಳೆ ಮತ್ತೆ ಸತ್ತವರ ಬಾಯಿಗೆ ನನ್ನ ಮಾತು. ಏನ್ ಮಾಡ್ಲಿ ಫಾದರ್?”

ಫಾದರ್ ದನಿಯಲ್ಲಿ ‘ಹೋಗು ಮಗೂ, ಕ್ಷಮೆ ಸಿಕ್ಕಿತು’ ಎಂದರೆ ಸಾಕಿತ್ತು. ಸಿಸ್ಟರ್ ಮನಸ್ಸು ಹಗುರ, ನಾಳಿನ ಕಾರ್ಯಕ್ರಮವೂ ಭದ್ರ. ಮೇಷ್ಟ್ರು ಬಾಯಿ ತೆರೆದರು. ಕೋಗಿಲೆಯಿಂದ ಕತ್ತೆಯವರೆಗೆ ಎಲ್ಲವನ್ನೂ ಅಣಕಿಸಿದ್ದ ಗಂಟಲು ಕ್ಷಮೆಯ ಮುಂದೆ ಮಾತ್ರ ಮುಷ್ಕರ ಹೂಡಿತು.

“ಸಿಸ್ಟರ್,” ಎಂದರು, ಅವತ್ತು ಮೊದಲ ಸಲ ಸ್ವಂತ ದನಿಯಲ್ಲಿ. “ಫಾದರ್ ಅಲ್ಲ. ನಾನು.”

“ಗೊತ್ತು ಮೇಷ್ಟ್ರೇ. ಫಾದರ್ ಕೆಮ್ಮು ವಾಸಿಯಾಗಿ ತಿಂಗಳಾಯ್ತು. ನಿಮ್ಮದಕ್ಕೇ ಔಷಧಿ ಇಲ್ಲ.”

“ಹಾಗಾದ್ರೆ ಈಗ ಹೇಳಿದ್ದು...?”

“ಹಲಗೆ ಓದಿ. ನೀವೇ ಬರೆದದ್ದು.” ಸಿಸ್ಟರ್ ಬೆಂಚು ಹಿಡಿದು ಎದ್ದರು. ಮತ್ತೆ ಲಟಕ್. “ನಾಳೆಗೆ ಗಂಟಲು ಜೋಪಾನ. ಅರ್ಥ ಆಯ್ತಾ?”

ಸಿಸ್ಟರ್ ಕೊಡುವ ಅಪ್ಪಣೆಗೆಲ್ಲ ‘ಅರ್ಥ ಆಯ್ತಾ’ ಎಂಬ ಬಾಲ ಇದ್ದೇ ಇರುತ್ತದೆ; ‘ಆಮೆನ್’ಗೂ ಒಮ್ಮೊಮ್ಮೆ ಅಂಟಿಕೊಳ್ಳುವುದುಂಟು. ಮೇಷ್ಟ್ರು ಪರದೆ ಸರಿಸಿ ನೋಡಿದರು. ಸುಳ್ಳು ಪಾಪ ಹೇಳಿ ಹೋದ ಮಕ್ಕಳಲ್ಲಿ ಒಬ್ಬರೂ ಕಣ್ಣೊರೆಸಿಕೊಂಡಿರಲಿಲ್ಲ. ಬಾಗಿಲು ದಾಟುತ್ತಿದ್ದ ಸಿಸ್ಟರ್ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು.

ಮರುದಿನ ಸಭಾಂಗಣ ಕಿಕ್ಕಿರಿದಿತ್ತು. ಮೇಷ್ಟ್ರು ಮೊದಲ ಕಾವಲುಗಾರನಾಗಿ ಗದರಿದರು, ಹೊಲಿಗೆ ಟೀಚರಾಗಿ ಸೀನಿದರು, ಒಡಕು ಗಂಟೆಯಾಗಿ ಬಾರಿಸಿಕೊಂಡರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಮದರ್. ಎಳೆ ನೂಲಿನಂಥ ಆ ದನಿ ಹೊರಟಾಗ ಮಕ್ಕಳೂ ಉಸಿರು ಬಿಗಿಹಿಡಿದರು.

“ನನಗೆ ಸ್ವಲ್ಪ ನೀರು ಕೊಡಿ,” ಎಂದಿತು ಮದರ್ ದನಿ. ಅಲ್ಲಿಗೆ ನಿಂತಿತು.

ಮೇಷ್ಟ್ರು ಒಂದು ಗುಟುಕು ನುಂಗಿದರು. ಮುಂದಿನ ಮಾತು ಬಂದದ್ದು ಬೇರೆ ದನಿಯಲ್ಲಿ.

“ಕೊನೆಯ ಬೆಂಚಿನಿಂದ ಶುರುಮಾಡಿ. ಅರ್ಥ ಆಯ್ತಾ?”

“ಅಯ್ಯೋ, ಅದು ಮದರ್ ಅಲ್ಲ, ನಮ್ಮ ಸಿಸ್ಟರ್!” ಎಂದಳು ಎರಡು ಜಡೆಯ ಪುಟ್ಟಿ. ಮೇಷ್ಟ್ರು ಹಳಿ ತಪ್ಪಿದರೆಂದು ಸಭೆಯೆಲ್ಲ ಗೊಳ್ಳೆಂದಿತು. ಮೇಷ್ಟ್ರು ನಗಲಿಲ್ಲ, ತಿದ್ದಿಕೊಳ್ಳಲೂ ಇಲ್ಲ. ಸುಮ್ಮನೆ ಕೈಕಟ್ಟಿ ನಿಂತರು. ನಗು ತಾನಾಗಿ ಇಳಿಯಿತು.

ಆ ಮೌನದಲ್ಲಿ, ಎಲ್ಲರ ಬೆನ್ನ ಹಿಂದೆ, ಕೊನೆಯ ಬೆಂಚಿನಿಂದ ಒಂದು ಸದ್ದು ಕೇಳಿತು: ಲಟಕ್.